ಬಾಗುವ ಪೈಪಿನ ಯಜಮಾನರು

ಸಂಪಿಗೆ, ತುರುವೇಕೆರೆ, ತಿಪಟೂರು ಸೀಮೆಯಲ್ಲಿ ಯಾವುದಾದರೂ ಹಳೇ ತೊಟ್ಟಿಮನೆಯ ಬಚ್ಚಲಿಗೆ ಇಣುಕಿ ನೋಡಿ. ಗೋಡೆಯ ಜಿಐ ಪೈಪು ತುಕ್ಕು ತಿಂದು ಎಂದೋ ನಿವೃತ್ತಿಯಾಗಿರುತ್ತದೆ. ಅದರ ಬದಲಿಗೆ ತೆಂಗಿನ ತೋಟದಲ್ಲಿ ಉಳಿದ 16 ಎಂಎಂ ಕಪ್ಪು ಡ್ರಿಪ್ ಪೈಪು ಕಿಟಕಿ ಸರಳಿನೊಳಗೆ ನುಸುಳಿ, ಟವೆಲಿನ ಗೂಟಕ್ಕೊಂದು ಸುತ್ತು ಹಾಕಿ, ನಲ್ಲಿಗೆ ಬಂದು ಸೇರಿರುತ್ತದೆ. ಇದು ಯಜಮಾನರ ಕೈಕೆಲಸ. ಊರಿನವರು ಅವರನ್ನು ಜಿಪುಣ ಎನ್ನುತ್ತಾರೆ. ಆ ಆರೋಪ ನಿಲ್ಲುವುದಿಲ್ಲ. ಒಂದು ಜಾಯಿನರಿಗಾಗಿ ತಿಪಟೂರಿಗೆ ಎರಡು ಸಲ ಬೈಕು ಓಡಿಸಿ, ಮೊದಲ ಸಲ 12 ಎಂಎಂ ತಂದು, ಎರಡನೇ ಸಲ ಸರಿಯಾದದ್ದರ ಜೊತೆಗೆ ‘ಇರಲಿ’ ಎಂದು ನಾಲ್ಕು ಟಿ, ಆರು ಡಮ್ಮಿ ತರುವವರು ಜಿಪುಣರು ಹೇಗಾದಾರು?

“ಪ್ಲಂಬರು ಸಿಗಲ್ಲ ಕಣ್ರೀ” ಎನ್ನುವುದು ಅವರ ಸಮರ್ಥನೆ. ಅದನ್ನೂ ಪೂರ್ತಿ ನಂಬಬೇಕಾಗಿಲ್ಲ. ಅಟ್ಟದ ಮೇಲೆ ಕಾಯಿ ಹಾಕಿ, ಒಳಗಿನ ನೀರು ಇಂಗಿ ಗಿಟುಕು ಲೊಡಲೊಡ ಎನ್ನುವವರೆಗೆ ಹತ್ತು ಹನ್ನೆರಡು ತಿಂಗಳು ಕಾಯುವ, ಆಮೇಲೂ ಕೊಬ್ಬರಿ ರೇಟು ಏರಲಿ ಎಂದು ಕಾಯುವ ಮನುಷ್ಯ ಪ್ಲಂಬರಿಗೆ ನಾಲ್ಕು ದಿನ ಕಾಯಲಾರನೇ? ಅಸಲು ತೊಂದರೆಯೆಂದರೆ, ಪ್ಲಂಬರು ಬಂದವನೇ “ನಲ್ಲಿ ಎಲ್ಲಿ ಬರಬೇಕು?” ಎಂದು ಕೇಳುತ್ತಾನೆ. ಜಿಐ ಪೈಪನ್ನು ಅಳೆದು, ಕೊಯ್ದು, ಥ್ರೆಡ್ ಹೊಡೆದು ಕೂರಿಸಿದರೆ ಮುಗಿಯಿತು. ಯಜಮಾನರಿಗೆ ಮುಗಿಯುವುದೇ ಬೇಡ. ಕಪ್ಪು ಪೈಪಾದರೆ ಬೆಳಿಗ್ಗೆ ನಲ್ಲಿ ಇತ್ತ, ಸಂಜೆ ಅತ್ತ. ಬ್ಲೇಡಿನಲ್ಲಿ ಕಚಕ್ಕನೆ ಕೊಯ್ದು, ತುದಿಯನ್ನು ಬಿಸಿನೀರಿನ ಚೊಂಬಿಗೆ ಅದ್ದಿ, ಮೆತ್ತಗಾದೊಡನೆ ಜಾಯಿನರಿಗೆ ತಿರುಚಿ ತುರುಕಿದರೆ ಆರುವಷ್ಟರಲ್ಲಿ ಉಡದ ಹಾಗೆ ಕಚ್ಚಿಕೊಳ್ಳುತ್ತದೆ. ಆಗ ಅವರು ಮನೆಮಂದಿಯನ್ನೆಲ್ಲ ಕರೆದು ಎಳೆದು ನೋಡಲು ಹೇಳುತ್ತಾರೆ.

ಅವರ ಪಕ್ಷದಲ್ಲಿ ನ್ಯಾಯವೂ ಇದೆ. ಬಾಗುವ ಪೈಪಿಗೆ ಮೂಲೆಗೊಂದು ಎಲ್ಬೋ ಬೇಡ. ಒಂದು ಎಲ್ಬೋ ಎಂದರೆ ಸೋರಬಲ್ಲ ಎರಡು ಜಾಯಿಂಟು. ಅಮೆರಿಕದಲ್ಲಿ ಕಾರಿನ ಹಿಂದೆ ಎಳೆದೊಯ್ಯುವ ಹಳೇ ಗಾಲಿಮನೆಗಳ ತಾಮ್ರದ ಪೈಪು ಕಿತ್ತು ‘ಪೆಕ್ಸ್’ ಎಂಬ ಬಾಗುವ ಪೈಪು ಹಾಕುತ್ತಾರೆ. ಓಡುವ ಮನೆ ಕುಲುಕುವಾಗ ಗಟ್ಟಿ ಪೈಪಿನ ಜಾಯಿಂಟು ಬಿಡಬಹುದು, ಬಾಗುವುದು ಸಹಿಸಿಕೊಳ್ಳುತ್ತದೆ. ತೊಟ್ಟಿಮನೆ ಎಲ್ಲಿ ಓಡುತ್ತದೆ ಎಂದು ಕೇಳಬಹುದು. ಯಜಮಾನರ ಮನಸ್ಸು ಓಡುತ್ತದಲ್ಲ! ಗಟ್ಟಿಯಾದ ಆಕ್ಷೇಪಣೆ ಬೇರೆಯೇ ಇದೆ: ಪೆಕ್ಸ್ ಬಿಸಿನೀರು ತಡೆಯುತ್ತದೆ, ಡ್ರಿಪ್ ಪೈಪು ಹುಟ್ಟಿದ್ದೇ ತಣ್ಣೀರಿಗೆ. ಸೋಲಾರಿನ ಮಧ್ಯಾಹ್ನದ ನೀರು ಹರಿದೊಡನೆ ಚೊಂಬಿನ ಉಪಾಯ ತಿರುಗುಬಾಣವಾಗುತ್ತದೆ. ಕೂಡಿಸಿದ ಬಿಸಿಯೇ ಬಿಡಿಸುತ್ತದೆ. ಒಳಗೆ ತಲೆಗೆ ಸೀಗೆಪುಡಿ ಹಚ್ಚಿಕೊಂಡ ನೆಂಟರು, ಹೊರಗೆ ಮನೆಯಾಕೆಯ “ರೀ, ಪೈಪು ಬಿಟ್ಕಂತು!” ಯಜಮಾನರು ಹಳೇ ಸೈಕಲ್ ಟ್ಯೂಬಿನ ಪಟ್ಟಿ ಹಿಡಿದು ಬಂದೇ ಬರುತ್ತಾರೆ. “ನೋಡಿದ್ರಾ, ಪ್ರೆಷರ್ ಎಷ್ಟ್ ಚೆನ್ನಾಗೈತೆ” ಎನ್ನುತ್ತಾ, ನಲ್ಲಿಯನ್ನು ಈ ಸಲ ಬಾಗಿಲ ಕಡೆಗೆ ತಿರುಗಿಸಲು ಅಳತೆ ಹಿಡಿಯುತ್ತಾರೆ.