ಷಡ್ಡಕರ ಜನರೇಟರು

ಗೋವಾದ ಬಾಯ್ನಾದಲ್ಲಿ ಕರೆಂಟು ಹೋದರೆ ಕತ್ತಲೆಯ ಜೊತೆಗೇ ಸದ್ದೂ ಬರುತ್ತದೆ. ಲಾಡ್ಜಿನ ಹಿಂದಿನ ಕಿರ್ಲೋಸ್ಕರ್ ಗಂಟಲು ಸರಿಮಾಡಿಕೊಂಡು ಶುರುವಾಗುತ್ತದೆ. ಕೋಲ್ಡ್‌ಡ್ರಿಂಕ್ಸ್ ಅಂಗಡಿಯ ಪುಟ್ಟ ಪೆಟ್ರೋಲ್ ಯಂತ್ರ, ಹಗ್ಗ ಎಳೆಯುವ ಹುಡುಗ ಅದರ ತಾಯಿಯನ್ನು ನೆನೆದ ಮೇಲೆ ಹತ್ತಿಕೊಳ್ಳುತ್ತದೆ. ಸದ್ದೇ ಇಲ್ಲದೆ ದೀಪ ಉರಿಯಿತೋ, ಆ ಮನೆಯ ಮಗ ಹಡಗಿನ ಮೇಲೆ ನೌಕರಿಗೆ ಹೋಗಿದ್ದಾನೆ, ಇನ್ವರ್ಟರ್ ಬಂದಿದೆ ಎಂದು ತಿಳಿಯಬೇಕು.

ಕಿರ್ಲೋಸ್ಕರ್ ಎಂದಾಗ ನಮ್ಮ ಕಡೆಯವರ ಎದೆ ಒಂದಿಷ್ಟು ಉಬ್ಬುತ್ತದೆ. ಲಕ್ಷ್ಮಣರಾವ್ ಕಿರ್ಲೋಸ್ಕರ್ ಹುಟ್ಟಿದ್ದು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ, ಸೈಕಲ್ ಅಂಗಡಿ ಇಟ್ಟದ್ದು ಬೆಳಗಾವಿಯಲ್ಲಿ. ಕಾರ್ಖಾನೆ 1910ರಲ್ಲಿ ಕಿರ್ಲೋಸ್ಕರವಾಡಿಗೆ ಹೋಯಿತು, ಆಯಿಲ್ ಎಂಜಿನ್ ಕಂಪನಿ 1946ರಲ್ಲಿ ಪುಣೆಯಲ್ಲಿ ಹುಟ್ಟಿತು. ಆದರೂ ಬಾಗಲಕೋಟೆ, ವಿಜಯಪುರದ ಕಡೆಯಿಂದ ಲೋಂಡಾ, ಕ್ಯಾಸಲ್‌ರಾಕ್ ದಾಟಿ ವಾಸ್ಕೋದಲ್ಲಿ ಇಳಿದು ಬಾಯ್ನಾದಲ್ಲಿ ನೆಲೆನಿಂತ ನಮ್ಮ ಜನಕ್ಕೆ ಅದು ತವರಿನ ಎಂಜಿನ್ನೇ.

ನನ್ನ ಷಡ್ಡಕರೂ ಹಾಗೆ ಬಂದು ಇಳಿದವರು. ಬಂದರಿನ ಕೆಲಸದಿಂದ ನಿವೃತ್ತರಾದ ಮೇಲೆ ಅವರಿಗೊಂದು ಹುಕಿ ಹುಟ್ಟಿತು: ಬೊಲೆರೋದ ಹಿಂದೆ ಕಟ್ಟಿಕೊಂಡು ಹೋಗುವ, ಮಲಗಲು ಬರುವ ಟ್ರೇಲರ್ ಮಾಡಿಸಬೇಕು, ಯಾಣ, ಗಣೇಶಗುಡಿ ಕಡೆ ತಿರುಗಬೇಕು. ಊರಿಗೆ ಊರೇ ಸೂಟಿಗೆಂದು ಗೋವಾಕ್ಕೆ ಬರುತ್ತಿರುವಾಗ ಗೋವಾದವರು ಸೂಟಿಗೆ ಎಲ್ಲಿ ಹೋಗಬೇಕು ಎಂಬುದು ಕಷ್ಟದ ಪ್ರಶ್ನೆಯೇ. ನಮ್ಮ ಹುಬ್ಬಳ್ಳಿ, ಗದಗಿನವರು ಟೆಂಪೋ ಟ್ರಾವೆಲರಿನಲ್ಲಿ ಸಿಲಿಂಡರ್, ಪರಾತ, ಜೋಳದ ಹಿಟ್ಟು ಹೇರಿಕೊಂಡು ಬಂದು ದಂಡೆಯ ಮೇಲೇ ಒಲೆ ಹೂಡುತ್ತಿದ್ದರು. ಕ್ಯಾರವಾನ್ ಎಂಬ ಹೆಸರಿಲ್ಲದೆಯೇ ಕ್ಯಾರವಾನ್ ನಡೆಸಿದವರು ಅವರು. ಬಯಲಿನಲ್ಲಿ ಅಡುಗೆ ಮಾಡಬಾರದೆಂದು 2022ರಲ್ಲಿ ಗೋವಾ ಪ್ರವಾಸೋದ್ಯಮ ಇಲಾಖೆ ಆದೇಶ ಹೊರಡಿಸಿತು. ಷಡ್ಡಕರ ವಾದವೇನೆಂದರೆ, ತಮ್ಮ ಅಡುಗೆಮನೆ ಬಯಲಿನಲ್ಲಿಲ್ಲ, ಡಬ್ಬಿಯೊಳಗಿದೆ. ವಾದವನ್ನು ಯಾವ ಪೊಲೀಸನ ಮುಂದೂ ಇನ್ನೂ ಮಂಡಿಸಿಲ್ಲ.

ಡಬ್ಬಿ ಸಲೀಸಾಗಿ ಎದ್ದಿತು. ಬಾದಾಮಿ ಕಡೆಯ ಮೇಸ್ತ್ರಿಯೊಬ್ಬ ಚಾನೆಲ್, ಅಂಗಲ್ ಕೂಡಿಸಿ ವೆಲ್ಡಿಂಗ್ ಮಾಡಿದ. ಮಂಚ, ಕಪಾಟು, ಕಿಟಕಿ ಎಲ್ಲ ಆಯಿತು. ತಕರಾರು ಹುಟ್ಟಿದ್ದು ಜನರೇಟರಿನಲ್ಲಿ. ಅದು ಒಳಗೇ ಕೂತಿರಬೇಕು, ಗುಂಡಿ ಒತ್ತಿದರೆ ಹತ್ತಬೇಕು, ಅಮೆರಿಕದವರ ಗಾಡಿಗಳಲ್ಲಿ ಇರುತ್ತದಲ್ಲ ಹಾಗೆ, ಎಂದು ಷಡ್ಡಕರು ಹಟ ಹಿಡಿದರು. ಅಲ್ಲಿ ಅದಕ್ಕೊಂದು ಪ್ರತ್ಯೇಕ ಕುಲವೇ ಇದೆ. ಡೇವಿಡ್ ಓನನ್ ಎಂಬಾತ 1920ರಲ್ಲಿ ಮಿನಿಯಾಪೊಲಿಸ್‌ನಲ್ಲಿ ಶುರುಮಾಡಿದ ಕಂಪನಿ, ಈಗ ಕಮ್ಮಿನ್ಸ್‌ನ ಕೈಯಲ್ಲಿ, ಇಂಥವನ್ನೇ ಮಾಡುತ್ತದೆ. ಆದರೆ ಎಂಜಿನ್ ಇರುವ ಗಾಡಿಯಲ್ಲಿ ಜನರೇಟರ್ ಗಾಡಿಯ ಟ್ಯಾಂಕಿನಿಂದಲೇ ಎಣ್ಣೆ ಕುಡಿಯುತ್ತದೆ. ಟ್ರೇಲರಿಗೆ ಎಂಜಿನ್ನೂ ಇಲ್ಲ, ಟ್ಯಾಂಕೂ ಇಲ್ಲ. ಬೊಲೆರೋ ಕುಡಿಯುವುದು ಡೀಸೆಲ್, ಸಣ್ಣ ಜನರೇಟರಿಗೆ ಬೇಕಾದದ್ದು ಪೆಟ್ರೋಲ್. ಒಂದೇ ಮೆರವಣಿಗೆಯಲ್ಲಿ ಎರಡು ಪಂಕ್ತಿಯ ಊಟ.

"ಡೀಸೆಲ್ಲಿಂದs ತರೋಣಲ್ಲ?" ಎಂದರು ಷಡ್ಡಕರು.

"ತರಬಹುದ್ರೀ ಸಾಹೇಬ್ರ. ಎತ್ತಾಕ ನಾಲ್ಕ ಮಂದಿ ಬೇಕು. ಅದು ಕುಣದ್ರ ಮಂಚಾನೂ ಕುಣೀತೈತಿ," ಎಂದ ಮೇಸ್ತ್ರಿ. ಆಮೇಲೆ ಅಸಲು ಪ್ರಶ್ನೆ ಕೇಳಿದ: "ಏಸಿ ಹಾಕಸ್ತೀರೇನು?"

ಇಡೀ ಲೆಕ್ಕ ನಿಂತಿರುವುದು ಈ ಒಂದು ಪ್ರಶ್ನೆಯ ಮೇಲೆ, ಮಾರುವವರು ಇದನ್ನು ಕೊನೆಗೆ ಕೇಳುತ್ತಾರೆ. ನಾಲ್ಕೈದು ಎಲ್‌ಇಡಿ ಬಲ್ಬು, ಒಂದು ಫ್ಯಾನು, ಮೊಬೈಲುಗಳು, ಸಣ್ಣ ಫ್ರಿಜ್ಜು ಎಲ್ಲ ಸೇರಿಸಿದರೂ 300 ವ್ಯಾಟ್ ಆಸುಪಾಸು. ಚಟ್ನಿಗೆ ಮಿಕ್ಸರ್ ತಿರುಗಿಸಿದ ಎರಡು ನಿಮಿಷ 500 ಹೆಚ್ಚಿಗೆ. ಒಂದು ಟನ್ನಿನ ಏಸಿ ಬಂತೋ, ಅದೊಂದೇ ಸುಮಾರು 1000 ವ್ಯಾಟ್ ಎಳೆಯುತ್ತದೆ. ಹಳೇ ಮಾದರಿಯದಾದರೆ ಕಂಪ್ರೆಸರ್ ಏಳುವ ಗಳಿಗೆಯಲ್ಲಿ ಅದರ ಹಲವು ಪಟ್ಟು ಕೇಳಿ ಜನರೇಟರಿನ ಉಸಿರು ಕಟ್ಟಿಸುತ್ತದೆ. ಜನರೇಟರಿನ ಮೇಲೆ 2 ಕೆವಿಎ ಎಂದು ದಪ್ಪಗೆ ಬರೆದಿರುತ್ತಾರೆ. ಪವರ್ ಫ್ಯಾಕ್ಟರ್ 0.8 ಹಿಡಿದರೆ ಕೈಗೆ ದಕ್ಕುವುದು 1.6 ಕಿಲೋವ್ಯಾಟ್. ವರದಕ್ಷಿಣೆ ಮಾತಾಡಿದ್ದೊಂದು, ಬಂದದ್ದೊಂದು.

ಸದ್ದಿನದು ಇನ್ನೊಂದು ಪುರಾಣ. ಸಾದಾ ಪೆಟ್ರೋಲ್ ಜನರೇಟರು 50 ಹರ್ಟ್ಸ್ ಕೆಡದಂತೆ ಮಿನಿಟಿಗೆ 3000 ಸುತ್ತು ತಿರುಗಲೇಬೇಕು. ಒಂದು ಬಲ್ಬಿಗೂ ಅದೇ ಚೀರಾಟ, ಇಡೀ ಮನೆಗೂ ಅದೇ ಚೀರಾಟ. ಇನ್ವರ್ಟರ್ ಜನರೇಟರು ತಯಾರಾದ ಕರೆಂಟನ್ನು ಮೊದಲು ಡಿಸಿ ಮಾಡಿ ಮತ್ತೆ ಏಸಿ ಮಾಡುವುದರಿಂದ, ಕೆಲಸ ಕಡಿಮೆಯಿದ್ದಾಗ ಎಂಜಿನ್ನು ನಿಧಾನಿಸಬಹುದು. ದುಬಾರಿ, ಆದರೆ ನಿದ್ದೆಗೆ ಬೆಲೆಯುಂಟು. ಡೀಸೆಲ್ ಜನರೇಟರುಗಳ ಸದ್ದು ಒಂದು ಮೀಟರ್ ದೂರದಲ್ಲಿ 75 ಡೆಸಿಬೆಲ್ ಮೀರಬಾರದೆಂದು ನಮ್ಮಲ್ಲಿ ನಿಯಮವಿದೆ. ಷಡ್ಡಕರ ನಕ್ಷೆಯಲ್ಲಿ ಜನರೇಟರಿಗೂ ಅವರ ಹೆಂಡತಿ, ಅಂದರೆ ನಮ್ಮ ಅಕ್ಕನ ದಿಂಬಿಗೂ ನಡುವೆ ಇದ್ದದ್ದು ಒಂದು ಗೇಣು.

ಅದನ್ನು ಒಳಗಿಡಬಾರದು ಎನ್ನಲು ಸದ್ದಿಗಿಂತ ದೊಡ್ಡ ಕಾರಣ ಹೊಗೆ. ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಮಲಗಿದವರನ್ನು ಎಬ್ಬಿಸದೆ ಕರೆದೊಯ್ಯುತ್ತದೆ. ಒಳಗೆ ಕೂರಿಸಲೆಂದೇ ಮಾಡಿದ ಯಂತ್ರಕ್ಕೆ ಗಾಳಿ ಬರಲು, ಬಿಸಿ ಹೋಗಲು ದಾರಿಯಿರುತ್ತದೆ, ಮನೆಯ ಕಡೆ ಗೋಡೆಗೆ ಒಂದು ಸೀಳೂ ಇರುವುದಿಲ್ಲ. ಕೈಯಲ್ಲಿ ಎತ್ತಿ ಒಯ್ಯುವಂಥದ್ದನ್ನು ಕಪಾಟಿನೊಳಗಿಟ್ಟು ಬಾಗಿಲು ಹಾಕಿದರೆ ಅದು ತಾನೂ ಬೇಯುತ್ತದೆ, ಮನೆಯವರನ್ನೂ ಕೊಲ್ಲುತ್ತದೆ. ಈ ವಿಷಯದಲ್ಲಿ ಮೇಸ್ತ್ರಿ ತಮಾಷೆ ಮಾಡಲಿಲ್ಲ. ಒಳಗಿಡುವುದಾದರೆ ನಾನು ವೆಲ್ಡಿಂಗ್ ಮಾಡುವುದಿಲ್ಲ ಎಂದು ಗಾಗಲ್ ತೆಗೆದಿಟ್ಟ.

ಇಷ್ಟು ಹೊತ್ತು ಸುಮ್ಮನಿದ್ದ ಅಕ್ಕ ತೀರ್ಪು ಕೊಟ್ಟರು. "ಏಸಿ ಬೇಕಂದ್ರ ಮನ್ಯಾಗ ಐತಿ. ಅದನ್ನ ಬಿಟ್ಟ ಹೋಗಾಕಲ್ಲೇನು ಹೊಂಟಿದ್ದು?" ಆಮೇಲೆ ಡಬ್ಬಿಯ ತಗಡನ್ನು ಬೆರಳಿನಿಂದ ತಟ್ಟಿ ನೋಡಿದರು. ಬಾಯ್ನಾದ ದಂಡೆಯ ಮೇಲಿನ ಮನೆಗಳನ್ನು 2004ರ ಜೂನ್‌ನಲ್ಲಿ ಸರ್ಕಾರ ನೆಲಸಮ ಮಾಡಿದ್ದನ್ನು ನೋಡಿದವರು ಅವರು. ಬುಲ್‌ಡೋಜರ್ ಬಂದ ದಿನ ಮಳೆಯಲ್ಲಿ ಪಾತ್ರೆಪಡಗ ತಲೆಯ ಮೇಲೆ ಹೊತ್ತು ನಿಂತಿದ್ದ ನಮ್ಮ ಜನ ಅವರ ಕಣ್ಣಲ್ಲಿ ಇನ್ನೂ ಇದ್ದಾರೆ. "ಗಾಲಿ ಇರೋ ಮನಿ ಅವಾಗ ಯಾರೂ ಕೊಡಲಿಲ್ಲ ನೋಡ್ರಿ," ಎಂದು ಚಹಾ ಮಾಡಲು ಒಳಗೆ ಹೋದರು. ಆಮೇಲೆ ಏಸಿಯ ಮಾತು ಯಾರೂ ಎತ್ತಲಿಲ್ಲ.

ಹೀಗಾಗಿ ಸುಮಾರು 21 ಕೆಜಿಯ, 2 ಕೆವಿಎ ಇನ್ವರ್ಟರ್ ಜನರೇಟರು ಬಂತು. ಟ್ರೇಲರಿನ ಮೂತಿಯ ಮೇಲೆ, ಹುಕ್ಕಿನ ಹಿಂದೆ, ನಾಲ್ಕೂ ಕಡೆ ಗಾಳಿಯಾಡುವ ಜಾಲರಿಯ ಪಂಜರ, ಕೆಳಗೆ ರಬ್ಬರ್ ಬುಷ್, ಸೈಲೆನ್ಸರಿನ ಬಾಯಿ ಕಿಟಕಿಗೆ ಬೆನ್ನು ಹಾಕಿ. ಭಾರ ಮುಂದೆ ಬಿದ್ದದ್ದು ಒಳ್ಳೆಯದೇ, ಹಿಂದೆ ಭಾರವಾದ ಟ್ರೇಲರು ಹೆದ್ದಾರಿಯಲ್ಲಿ ಬಾಲ ಬೀಸುತ್ತದೆ. ಕಡಲಿನ ಉಪ್ಪುಗಾಳಿಗೆಂದು ಬೋಲ್ಟುಗಳೆಲ್ಲ ಸ್ಟೇನ್‌ಲೆಸ್. ಒಳಗೇ ಕೂಡಿಸಿದ್ದಲ್ಲ ಎಂಬ ಷಡ್ಡಕರ ಕೊರಗು ಮಾತ್ರ ಹೋಗಲಿಲ್ಲ. ಅದನ್ನು ಕಳೆಯಲೆಂದು, ಕಳ್ಳರ ನೆಪ ಹೇಳಿ, ಬೋಲ್ಟಿನ ತಲೆಗಳಿಗೆಲ್ಲ ವೆಲ್ಡಿಂಗ್ ಹೊಡೆಸಿಬಿಟ್ಟರು. ಇನ್ನು ಯಾವ ಪಾನಾ ತಂದರೂ ಬಿಚ್ಚುವುದಿಲ್ಲ.

ಆ ವಾರವೇ ಹಿಂದಿನ ಓಣಿಯಲ್ಲಿ ಮದುವೆ. ಅರಿಶಿಣದ ರಾತ್ರಿ ಕರೆಂಟು ಹೋಯಿತು. "ಕಾಕಾ, ಒಂದ ತಾಸು ಜನರೇಟರ್ ಕೊಡ್ರಿ" ಎಂದು ಹುಡುಗರು ಬಂದರು. ಕೊಡುವುದಿಲ್ಲ ಎನ್ನಲು ಬಾಯಿಲ್ಲ, ಬಿಚ್ಚಿ ಕೊಡಲು ಬೋಲ್ಟಿಲ್ಲ. ಬೊಲೆರೋ ಆ ಓಣಿಯಲ್ಲಿ ತಿರುಗುವುದಿಲ್ಲ. ಎಂಟು ಹತ್ತು ಹುಡುಗರು ಹೋ ಎಂದು ಕೂಗುತ್ತ, ಮಂಚ, ಕಪಾಟು, ಕಿಟಕಿ ಸಮೇತ ಮನೆಯನ್ನೇ ತಳ್ಳಿಕೊಂಡು ಹೋಗಿ ಹಂದರದ ಹಿಂದೆ ನಿಲ್ಲಿಸಿದರು. ದೀಪ ಹತ್ತಿತು. ಮದುಮಗಳ ಮುದಿ ಅಜ್ಜಿ ಒಳಗೆ ಹತ್ತಿ, ಮಂಚದ ಮೇಲೆ ಕಾಲು ಚಾಚಿ, ಫ್ಯಾನ್ ಹಾಕಿಸಿಕೊಂಡು ಬೆಳಗಿನವರೆಗೆ ಮಲಗಿದಳು. ಸದ್ದಾಯಿತೇ ಅಜ್ಜಿ ಎಂದು ಷಡ್ಡಕರು ಕಾತರದಿಂದ ಕೇಳಿದರು.

"ಯಾತರ ಸದ್ದು?" ಎಂದಳು, ಎರಡೂ ಕಿವಿ ಕೇಳದ ಅಜ್ಜಿ.