ಎಮ್ಮೆ ಚರ್ಮದ ಆಪಾದನೆ

ಅಕ್ಕಿರೊಟ್ಟಿಗೆ ಕೊತ್ತಂಬರಿ ಸೊಪ್ಪು ತರಲು ಹೋಗಿ ಬರಿಗೈಯಲ್ಲಿ ಬಂದ ಗಂಡನಿಗೆ ಏನೇನು ಬಿರುದುಗಳು ಸಲ್ಲಬೇಕೋ ಅವೆಲ್ಲ ಮೊನ್ನೆ ನನಗೆ ಸಂದವು. ಕೊನೆಯದು ಹೀಗಿತ್ತು: "ನಾಲ್ಕು ಸಲ ಫೋನ್ ಮಾಡಿದೆ. ಜೇಬಲ್ಲಿ ಗುರ್ ಅಂದ್ರೂ ಗೊತ್ತಾಗಲ್ವಾ? ನಿಮ್ಮದು ಎಮ್ಮೆ ಚರ್ಮ ಕಣ್ರೀ!"

ಉಳಿದವನ್ನು ಒಪ್ಪಿಕೊಂಡೆ. ಎಮ್ಮೆ ಚರ್ಮ ಮಾತ್ರ ನಾಟಿತು. ನಾಟಿತು ಎಂದ ಮೇಲೆ ಚರ್ಮ ದಪ್ಪವಿಲ್ಲ ಎಂದೇ ಅರ್ಥವಲ್ಲವೇ? ಈ ವಾದ ನನಗೆ ಹೊಳೆಯುವಷ್ಟರಲ್ಲಿ ಅವಳು ಅಡುಗೆಮನೆ ಸೇರಿಯಾಗಿತ್ತು. ನಾನು ಪಿಯುಸಿ ಮಗಳ ಜೀವಶಾಸ್ತ್ರದ ಪುಸ್ತಕಗಳ ಮರೆಹೊಕ್ಕೆ.

ಕಣ್ಣುರೆಪ್ಪೆಯ ಹೊರಚರ್ಮ ಸುಮಾರು 0.05 ಮಿಲಿಮೀಟರ್, ನೋಟ್‌ಬುಕ್ಕಿನ ಹಾಳೆಯ ಅರ್ಧದಷ್ಟು. ದಪ್ಪ ಇರುವುದು ಅಂಗೈ, ಅಂಗಾಲಿನಲ್ಲಿ. ಅಲ್ಲೂ ಒಂದೂವರೆ ಮಿಲಿಮೀಟರ್ ಆಸುಪಾಸು. ಅದರ ಕೆಳಗೆ ಒಳಚರ್ಮ, ಅಲ್ಲಿ ರಕ್ತನಾಳ, ಬೆವರಿನ ಗ್ರಂಥಿ, ಕೂದಲ ಬೇರು, ನರದ ತುದಿಗಳ ತುಂಬು ಸಂಸಾರ. ಇನ್ನೂ ಕೆಳಗೆ ಕೊಬ್ಬು. ಆ ವಿಭಾಗದಲ್ಲಿ ನಾನು ಸ್ಥಿತಿವಂತ.

"ಕೇಳಿಲ್ಲಿ, ಹೊರಚರ್ಮ ಒಂದು ಒಂದೂವರೆ ತಿಂಗಳಿಗೊಮ್ಮೆ ಪೂರ್ತಿ ಉದುರಿ ಹೊಸದು ಬರುತ್ತಂತೆ. ನೀನು ಮದುವೆಯಾದ ಚರ್ಮ ಹೋಗಿ ಇನ್ನೂರು ಚರ್ಮ ಆಯ್ತು!"

"ಅದಕ್ಕೇ ನಾನು ದಿನಾ ಎರಡು ಹೊತ್ತು ಕಸ ಗುಡಿಸೋದು" ಎಂದಳು ಒಳಗಿನಿಂದ.

ಇಷ್ಟಕ್ಕೆಲ್ಲ ಸೋಲುವವನು ನಾನಲ್ಲ. ಗುರ್ ಎನ್ನುವುದನ್ನು ಹಿಡಿಯಲು ಚರ್ಮದ ಆಳದಲ್ಲಿ ಪಾಚೀನಿ ಕಾರ್ಪಸಲ್ ಎಂಬವು ಇವೆ. 1831ರಲ್ಲಿ ಇಟಲಿಯ ಪಿಸ್ಟೋಯಾದಲ್ಲಿ ಫಿಲಿಪ್ಪೊ ಪಾಚೀನಿ ಎಂಬ ವೈದ್ಯಕೀಯ ವಿದ್ಯಾರ್ಥಿ ಶವದ ಕೈ ಕೊಯ್ಯುತ್ತಿದ್ದಾಗ ಇವನ್ನು ಕಂಡ. ಒಂದೊಂದೂ ಒಂದು ಮಿಲಿಮೀಟರಿನಷ್ಟು ಉದ್ದ, ಬರಿಗಣ್ಣಿಗೇ ಕಾಣುತ್ತದೆ. ಸೀಳಿ ನೋಡಿದರೆ ಈರುಳ್ಳಿಯಂತೆ ಪದರ ಪದರ. ಸೆಕೆಂಡಿಗೆ ಇನ್ನೂರು ಮುನ್ನೂರು ಸಲ ನಡುಗುವ ವಸ್ತುವೆಂದರೆ ಇವಕ್ಕೆ ಪಂಚಪ್ರಾಣ. ಆದರೆ ಇವು ದಟ್ಟವಾಗಿರುವುದು ಅಂಗೈ, ಬೆರಳು, ಅಂಗಾಲಿನಲ್ಲಿ; ತೊಡೆಯಲ್ಲಿ ತೀರ ವಿರಳ. ಪ್ಯಾಂಟಿನ ಜೇಬು ಇರುವುದು ತೊಡೆಯ ಮೇಲೆ. ಅಂದ ಮೇಲೆ ತಪ್ಪು ನನ್ನದಲ್ಲ, ದರ್ಜಿಯದು.

"ಮತ್ತೆ ನಿಮ್ಮ ಆಫೀಸಿನವರ ಫೋನು ಬಂದಾಗ ಅದೇ ತೊಡೆ ಎಗರಿ ಬೀಳುತ್ತಲ್ಲ?"

ಇದಕ್ಕೆ ಪುಸ್ತಕದಲ್ಲಿ ಉತ್ತರ ಇರಲಿಲ್ಲ.

ಮಗಳು ನನ್ನ ಪಕ್ಷ ವಹಿಸುವವಳಂತೆ ಕೈವಾರ ಹಿಡಿದು ಬಂದಳು. "ಅಪ್ಪಾ, ಜರ್ಮನಿಯ ವೇಬರ್ ಹೀಗೇ ಪರೀಕ್ಷೆ ಮಾಡಿದ್ದು. ಅಂಗಿ ತೆಗಿ." ಕೈವಾರದ ಎರಡೂ ಮೊನೆ ಬೆರಳ ತುದಿಗೆ ತಾಗಿಸಿದಳು, ನಡುವೆ ಮೂರೇ ಮಿಲಿಮೀಟರ್. "ಎರಡು!" ಎಂದೆ. ಹೆಮ್ಮೆಯಿಂದ ಬೆನ್ನು ತಿರುಗಿಸಿದೆ. "ಈಗ?" "ಒಂದು." "ಈಗ?" "ಅದೂ ಒಂದೇ." ಮೂರು ಸೆಂಟಿಮೀಟರ್ ಅಗಲಿಸಿ ಎರಡೂ ಮೊನೆ ಒತ್ತಿದ್ದಳಂತೆ! ಬೆರಳ ತುದಿಯಲ್ಲಿ ಸ್ಪರ್ಶದ ಗ್ರಾಹಕಗಳು ಸಂತೆಯ ಜನದಂತೆ ಒತ್ತೊತ್ತಾಗಿವೆ, ಬೆನ್ನೆಂಬುದು ಮೈಲಿಗೊಂದು ಮನೆಯಿರುವ ಸೀಮೆ. ಎಲ್ಲರ ಬೆನ್ನೂ ಹೀಗೆಯೇ ಎಂದು ನಾನು ವಿವರಿಸುವ ಮೊದಲೇ ಬಾಗಿಲಲ್ಲಿ ನಿಂತು ನೋಡುತ್ತಿದ್ದವಳು ತೀರ್ಪು ಕೊಟ್ಟಳು: "ನೋಡು, ಎರಡು ಚುಚ್ಚಿದರೂ ಒಂದೇ ಅಂತಾರೆ. ನಾನು ಹತ್ತು ಸಲ ಹೇಳಿದ್ದೂ ಇವರಿಗೆ ಒಂದೇ ಸಲ ಕೇಳಿಸೋದು."

ಇನ್ನು ಪ್ರಯೋಗವೇ ಗತಿ ಎಂದು ಅಡುಗೆಮನೆಗೆ ನುಗ್ಗಿದೆ. ಹಸಿಮೆಣಸಿನಕಾಯಿ ಹೆಚ್ಚಿದೆ, ಹಿಟ್ಟಿಗೆ ಕಲಸಿದೆ, ಬಾಳೆಲೆಯ ಮೇಲೆ ತಟ್ಟಿದೆ. ಅಷ್ಟರಲ್ಲಿ ಬೆರಳುಗಳು ಧಗಧಗ. ಸುಡುವ ಬಿಸಿಯನ್ನು ಅರಿಯುವ ಗ್ರಾಹಕವೇ ಮೆಣಸಿನ ಖಾರಕ್ಕೂ ಓಗೊಡುತ್ತದೆ ಎಂಬುದನ್ನು ಡೇವಿಡ್ ಜೂಲಿಯಸ್ ತಂಡ 1997ರಲ್ಲಿ ತೋರಿಸಿತು; 2021ರ ನೊಬೆಲ್‌ನಲ್ಲಿ ಅವರಿಗೆ ಅರ್ಧ ಪಾಲು ಬಂತು. ನನಗೆ ಉರಿಯಷ್ಟೇ ಬಂತು. ಉರಿಯುವ ಬೆರಳನ್ನೇ ರೊಟ್ಟಿಯ ಜೊತೆಗೆ ಕಾದ ಕಾವಲಿಗೂ ತಾಗಿಸಿದೆ.

ನೋವು ಎರಡು ಕಂತಿನಲ್ಲಿ ಬರುತ್ತದೆ. ಮೊದಲನೆಯದು ಸೆಕೆಂಡಿಗೆ ಐದರಿಂದ ಮೂವತ್ತು ಮೀಟರ್ ಓಡುವ ನರದಲ್ಲಿ, ಚುರ್ ಎಂದು. ಎರಡನೆಯದರ ನರದ ವೇಗ ಒಂದು ಮೀಟರಿನ ಆಸುಪಾಸು, ಹೆಚ್ಚುಕಡಿಮೆ ನನ್ನ ಸಂಜೆಯ ವಾಕಿಂಗಿನ ವೇಗ. ಹಾಗಾಗಿ ನಾನು ಮೊದಲು "ಅಮ್ಮಾ" ಎಂದೆ, ಸ್ವಲ್ಪ ತಡೆದು "ಅಯ್ಯಯ್ಯೋ" ಎಂದೆ. ಅವಳು ಒಂದು ಮಾತೂ ಆಡದೆ ಬರಿಬೆರಳಲ್ಲೇ ರೊಟ್ಟಿಯನ್ನು ಮಗುಚಿ ಹಾಕಿದಳು. ಎಮ್ಮೆ ಚರ್ಮ ಯಾರದು ಎಂದು ಕೇಳುವ ಆಸೆಯಾಯಿತು. ರೊಟ್ಟಿ ಇನ್ನೂ ಕಾವಲಿಯ ಮೇಲೇ ಇತ್ತಾದ್ದರಿಂದ ಸುಮ್ಮನಾದೆ.

ನಲ್ಲಿಯ ಕೆಳಗೆ ಬೆರಳು ಹಿಡಿದು ನಿಂತಿದ್ದಾಗ ತೊಡೆಯ ಮೇಲೆ ಗುರ್ ಎಂದಿತು. "ನೋಡಿದೆಯಾ, ಗೊತ್ತಾಯ್ತು!" ಎಂದು ಕೂಗಿ ಒದ್ದೆ ಕೈಯನ್ನೇ ಜೇಬಿಗೆ ಹಾಕಿದೆ. ಕರವಸ್ತ್ರ ಸಿಕ್ಕಿತು, ಬಸ್ಸಿನ ಹಳೆಯ ಟಿಕೆಟ್ ಸಿಕ್ಕಿತು. ಫೋನು ಇರಲಿಲ್ಲ.

ತರಕಾರಿ ಅಂಗಡಿಯ ತಕ್ಕಡಿಯ ಪಕ್ಕದಲ್ಲಿತ್ತು. ಅದರಲ್ಲಿ ನಾಲ್ಕು ಮಿಸ್ಡ್ ಕಾಲ್, ಅದರ ಕೆಳಗೆ ನಾನು ದುಡ್ಡು ಕೊಟ್ಟು ಬಿಟ್ಟುಬಂದಿದ್ದ ಕೊತ್ತಂಬರಿ ಕಟ್ಟು, ಅರ್ಧ ಬಾಡಿತ್ತು.