ನಂದಿಗುಡಿ ಎಂಬ ಅಡ್ಡಹೆಸರು: ಉಗಮ, ವಿಕಾಸ ಹಾಗೂ ಹೊಳೆ ದಾಟಿದ ಬಗೆ

ಹರಿಹರ ತಾಲ್ಲೂಕಿನ ನಂದಿಗುಡಿಗೆ ಆ ಹೆಸರು ಹೇಗೆ ಬಂತೆಂದು ಊರಿನ ಯಾವ ಹುಡುಗನನ್ನು ಕೇಳಿದರೂ ನಂದಿ, ಗುಡಿ ಎಂದು ಎರಡು ಮಾತಿನಲ್ಲಿ ಮುಗಿಸಿಬಿಡುತ್ತಾನೆ. ಇಷ್ಟು ಸಲೀಸಾಗಿ ಬಿಡಿಸಿಕೊಳ್ಳುವ ವ್ಯುತ್ಪತ್ತಿಯಿಂದ ಯಾರಿಗೂ ಪಿಎಚ್.ಡಿ. ಸಿಗುವುದಿಲ್ಲವಾದ್ದರಿಂದ, ಪ್ರಸ್ತುತ ಪ್ರಬಂಧಕಾರನು ಅದನ್ನು ಅತ್ತ ಸರಿಸಿ ಹೆಚ್ಚು ತೊಡಕಿನ ಪ್ರಮೇಯವೊಂದನ್ನು ಕೈಗೆತ್ತಿಕೊಂಡಿದ್ದಾನೆ. ಊರಿನ ಹೆಸರಾಗಿ ತೆಪ್ಪಗಿದ್ದ ನಂದಿಗುಡಿ ಮನುಷ್ಯನ ಅಡ್ಡಹೆಸರಾದದ್ದು ಎಲ್ಲಿ? ನಮ್ಮ ಸಿದ್ಧಾಂತದ ಪ್ರಕಾರ ಹರಿಹರದ ಸೇತುವೆಯ ಮೇಲೆ, ಅಂದಾಜು ನಟ್ಟನಡುವೆ.

ಇದಕ್ಕೆ ಭೂಗೋಳದ ಆಧಾರವಿದೆ. 1956ರ ಏಕೀಕರಣದವರೆಗೆ ತುಂಗಭದ್ರೆಯ ಈಚೆ ದಡ ಮೈಸೂರು ಸಂಸ್ಥಾನ. ಆಚೆ, ರಾಣೆಬೆನ್ನೂರಿನ ಕಡೆಯದು, ಮುಂಬಯಿ ಆಡಳಿತದ ಧಾರವಾಡ ಜಿಲ್ಲೆ. ಈಚೆಯವರು ಊರನ್ನೂ ಅಪ್ಪನನ್ನೂ ಒಂದೊಂದು ಇಂಗ್ಲಿಷ್ ಅಕ್ಷರಕ್ಕೆ ಕುಗ್ಗಿಸಿ ಹೆಸರಿನ ತಲೆಯ ಮೇಲೆ ಹೊರಿಸುತ್ತಾರೆ. ಆಚೆಯವರು ಅಪ್ಪನನ್ನು ನಡುವೆ ಕೂರಿಸಿ ಮನೆತನವನ್ನು ಬಾಲಕ್ಕೆ ಕಟ್ಟುತ್ತಾರೆ. ಹೀಗಾಗಿ ಎನ್.ಎಚ್. ಕರಿಬಸಪ್ಪನೆಂಬ ಕಲ್ಪಿತ ವ್ಯಕ್ತಿ ಹರಿಹರದಲ್ಲಿ ಬಸ್ ಹತ್ತಿ ರಾಣೆಬೆನ್ನೂರಿನಲ್ಲಿ ಇಳಿದು ಅಲ್ಲೇ ಅಂಗಡಿ ಹಾಕಿಕೊಂಡನೆಂದರೆ, ಕರಿಬಸಪ್ಪ ಹಾಲಪ್ಪ ನಂದಿಗುಡಿ ಆಗಿಬಿಡುತ್ತಾನೆ. ದಾಟಿದ್ದು ಒಂದು ಹೊಳೆ, ಸಂಪಾದಿಸಿದ್ದು ಒಂದು ವಂಶ. ಮರಿಮಕ್ಕಳು ‘ನಾವು ನಂದಿಗುಡಿಯವರು’ ಎಂದು ಎದೆಯುಬ್ಬಿಸುವಾಗ ಟಿಕೆಟ್ ಕೊಟ್ಟ ಕಂಡಕ್ಟರನನ್ನು ಯಾರೂ ನೆನೆಯುವುದಿಲ್ಲ.

ಉದಾಹರಣೆಗೆ ಕರಿಬಸಪ್ಪನೇ ಏಕೆ? ಅದೇ ತಾಲ್ಲೂಕಿನ ಉಕ್ಕಡಗಾತ್ರಿಯಲ್ಲಿ ಕರಿಬಸವೇಶ್ವರ ಅಜ್ಜಯ್ಯನ ಗದ್ದುಗೆ ಇರುವಾಗ ಬೇರೆ ಹೆಸರು ಹುಡುಕುವ ದಣಿವು ಯಾರಿಗೆ ಬೇಕು? ಜಾತ್ರೆಯಲ್ಲಿ ‘ಕರಿಬಸಪ್ಪಾ’ ಎಂದು ಕೂಗಿದವನ ಕಡೆಗೆ ಎಷ್ಟು ತಲೆ ತಿರುಗೀತೆಂದು ಅಳೆಯುವ ಉಪಕರಣ ಇನ್ನೂ ಸಿದ್ಧವಾಗಿಲ್ಲ. ಇಲ್ಲಿ ನಾವು ವೇಲ್ಸ್ ದೇಶವನ್ನು ಸಾಕ್ಷಿಗೆ ಕರೆಯಬೇಕಾಗುತ್ತದೆ. ಅಲ್ಲಿ ಕೂಗಬೇಕಾದ ಹೆಸರು ಜೋನ್ಸ್. ಜೋನ್ಸರ ನೂಕುನುಗ್ಗಲಿನಲ್ಲಿ ಗುರುತು ಸಿಗಲೆಂದು ಅವರು ಹಾಲಿನ ಜೋನ್ಸ್, ರೊಟ್ಟಿಯ ಜೋನ್ಸ್ ಎಂದು ಕಸುಬು ಸೇರಿಸಿ ಕರೆದುಕೊಂಡರು. ಸೋಜಿಗವೆಂದರೆ ವೇಲ್ಸ್ ಭಾಷೆಯ ಸಾಂಪ್ರದಾಯಿಕ ಅಕ್ಷರಮಾಲೆಯಲ್ಲಿ ‘ಜೆ’ ಎಂಬ ಅಕ್ಷರವೇ ಇರಲಿಲ್ಲ. ನಗುವ ಮುನ್ನ ನಮ್ಮ ಕರಿಬಸಪ್ಪನನ್ನು ನೋಡಿ: ತಂದೆ ಹಾಲಪ್ಪನನ್ನು ‘ಹಾ’ ಎಂದರೆ ಸಾಕಿತ್ತು, ಅವನು ‘ಎಚ್’ ಎಂದು ಬರೆಯುತ್ತಾನೆ. ಈ ‘ಎಚ್’ ಸ್ವರವೋ, ವ್ಯಂಜನವೋ, ಯೋಗವಾಹವೋ ಎಂಬುದನ್ನು ಹಳಗನ್ನಡದ ವೈಯಾಕರಣ ಕೇಶಿರಾಜ ಹೇಳಿಲ್ಲ.

ವೇಲ್ಸ್‌ನವರ ಹಳೆಯ ಪದ್ಧತಿಯಲ್ಲಿ ‘ಅಪ್’ ಎಂದರೆ ಮಗ. ರೀಸನ ಮಗ ‘ಅಪ್ ರೀಸ್’, ಹವೆಲ್‌ನ ಮಗ ‘ಅಪ್ ಹವೆಲ್’, ಹೀಗೆ ತಲೆಮಾರುಗಳ ಸರಪಳಿ. 1536ರಲ್ಲಿ ಎಂಟನೆಯ ಹೆನ್ರಿ ಆ ದೇಶವನ್ನು ಇಂಗ್ಲೆಂಡಿನ ಕಾನೂನಿಗೆ ಒಳಪಡಿಸಿದ ಮೇಲೆ ಇಂಗ್ಲಿಷ್ ಕಡತದ ಪದ್ಧತಿ ಗಟ್ಟಿಯಾಗಿ, ಸರಪಳಿ ಕಡಿದು, ‘ಅಪ್’ ಮುಂದಿನ ಹೆಸರಿನೊಳಗೆ ಕರಗಿ ಪ್ರೈಸ್, ಪವೆಲ್ ಮುಂತಾದವು ಹುಟ್ಟಿದವು. ಹೆಸರಿನ ತಲೆಗೆ ‘ಅಪ್’ ಬಂದರೆ ವೇಲ್ಸ್, ಬಾಲಕ್ಕೆ ‘ಅಪ್ಪ’ ಬಂದರೆ ದಾವಣಗೆರೆ ಎಂಬ ನಿಯಮ ಇದರಿಂದ ಸಿದ್ಧವಾಗುತ್ತದೆ. ನಮ್ಮಲ್ಲಿ ತಂದೆಯಾದದ್ದು ಅಲ್ಲಿ ಮಗನಾದದ್ದೇಕೆ ಎಂಬ ತಕರಾರಿಗೆ, ಹಡಗಿನ ಪ್ರಯಾಣದಲ್ಲಿ ಅರ್ಥ ಮಗುಚಿಕೊಂಡಿತು ಎಂಬುದೇ ನಮ್ಮ ಸಮಾಧಾನ. ಪ್ರತಿವಾದಿಗಳು ಬೇಕಾದರೆ ಹಡಗು ಹುಡುಕಲಿ.

ಗಂಭೀರ ವಿದ್ವಾಂಸರು ಮಾತ್ರ ‘ಅಪ್’ನ ನಿಜವಾದ ಜೋಡಿಯನ್ನು ಪಹಣಿಯಲ್ಲಿ ಗುರುತಿಸುತ್ತಾರೆ: ಅದು ‘ಬಿನ್’. ಕರಿಬಸಪ್ಪ ಬಿನ್ ಹಾಲಪ್ಪ. ಅರಬ್ಬಿಯಿಂದ ಬಂದ ಈ ಎರಡಕ್ಷರ ಕಂದಾಯ ಇಲಾಖೆಯಲ್ಲಿ ಕಾಯಂ ಆಗಿ ಕೂತಿದೆ. ವೇಲ್ಸ್‌ನವರಷ್ಟು ಅವಸರದ ನಾಲಿಗೆ ನಮಗಿದ್ದರೆ ಇಷ್ಟು ಹೊತ್ತಿಗೆ ಬಿನ್ನಾಲಪ್ಪನೆಂಬ ಮನೆತನ ಹುಟ್ಟಿ ಒಂದು ಸಮುದಾಯ ಭವನವನ್ನೂ ಕಟ್ಟಿಸಿರುತ್ತಿತ್ತು. ಮೊಮ್ಮಗನಿಗೆ ಅಜ್ಜನ ಹೆಸರಿಡುವ ವಾಡಿಕೆ ಬೇರೆ. ಕರಿಬಸಪ್ಪ ಬಿನ್ ಹಾಲಪ್ಪನ ಮಗ ಹಾಲಪ್ಪ ಬಿನ್ ಕರಿಬಸಪ್ಪ. ಅವನ ಮಗ ಮತ್ತೆ ಕರಿಬಸಪ್ಪ ಬಿನ್ ಹಾಲಪ್ಪ. ಎರಡೇ ಹೆಸರಿನಲ್ಲಿ ಶತಮಾನಗಳನ್ನು ನೂಕಬಹುದು. ಪೌತಿ ಖಾತೆಗೆ ಹೋದವನಿಗೆ ತಾನು ಬದುಕಿದ್ದೇನೆಂದು ರುಜುವಾತು ಮಾಡುವುದೊಂದೇ ಕಷ್ಟ. ಹೆಂಗಸರಿಗೆ ‘ಕೋಂ’ ಹಾಕಿ ಗಂಡನ ಹೆಸರು ಬರೆಯುತ್ತಾರೆ. ಅವಳ ತವರಿನ ನಂದಿಗುಡಿ ಯಾವ ಕಾಲಮ್ಮಿಗೂ ಹತ್ತುವುದಿಲ್ಲ. ಈ ವಿಷಯದಲ್ಲಿ ಹೊಳೆಯ ಎರಡೂ ದಡಗಳಿಗೆ ಭಿನ್ನಾಭಿಪ್ರಾಯವಿಲ್ಲ.

ನಂದಿಗುಡಿಯೊಳಗೆ ನಿಂತು ನಂದಿಗುಡಿ ಕರಿಬಸಪ್ಪನ ಮನೆ ಯಾವುದೆಂದು ಕೇಳುವ ಸಂಶೋಧಕನನ್ನು ಜನ ಕನಿಕರದಿಂದ ನೋಡುತ್ತಾರೆ. ‘ಇಲ್ಲಿರೋರೆಲ್ಲಾ ನಂದಿಗುಡಿಯೋರೇ ಅಲ್ಲೇನಪ್ಪಾ, ಯಾರ ಪೈಕಿ ಹೇಳು’ ಎಂಬ ಮರುಪ್ರಶ್ನೆಗೆ ಸಂಶೋಧನಾ ವಿಧಾನದಲ್ಲಿ ಉತ್ತರವಿಲ್ಲ. ಊರಿನ ಹೆಸರು ಹೊರುವ ಯೋಗ ಊರು ಬಿಟ್ಟವನಿಗೇ. ರಾಜಕಾರಣಿ ಕೊಂಡಜ್ಜಿ ಬಸಪ್ಪನವರು ಕೊಂಡಜ್ಜಿಯಿಂದ ಆಚೆಗೂ ಬೆಳೆದದ್ದರಿಂದ ಕೊಂಡಜ್ಜಿ ಬಸಪ್ಪ. ಕಿರ್ಲೋಸಿ ಬಿಟ್ಟವರ ಸಂತತಿ ಕಿರ್ಲೋಸ್ಕರ್ ಆಗಿ, 1941ರಲ್ಲಿ ಹರಿಹರದಲ್ಲಿ ಲೇತ್ ಯಂತ್ರಗಳ ಕಾರ್ಖಾನೆಯನ್ನೇ ತೆರೆಯಿತು. ಐರ್ಲೆಂಡಿನಲ್ಲಿ ತುಂಬಿರುವ ವಾಲ್ಷ್‌ಗಳ ಹೆಸರಿಗೆ ವೇಲ್ಸ್‌ನವನು ಎಂದೇ ಅರ್ಥ. ವೇಲ್ಸ್‌ನಲ್ಲೇ ಕೂತಿದ್ದರೆ ಅವರಿಗೆ ಈ ಪಟ್ಟವಿಲ್ಲ.

ಹುದ್ದೆಯಿಂದಲೂ ಅಡ್ಡಹೆಸರು ಬರುತ್ತದಲ್ಲ ಎಂಬ ಆಕ್ಷೇಪವನ್ನು ಒಪ್ಪೋಣ. ಗ್ರಾಮದ ವಂಶಪಾರಂಪರ್ಯ ಹುದ್ದೆಗಳನ್ನು ಕಿತ್ತುಹಾಕುವ ಕಾಯ್ದೆ 1961ರಲ್ಲಿ ಬಂತು. ಕಾರಿಗನೂರಿನ ಜಯದೇವಪ್ಪ ಹಾಲಪ್ಪ ಪಟೇಲರು 1996ರಲ್ಲಿ ಮುಖ್ಯಮಂತ್ರಿಯಾದರು. ಅವರ ಕಾಲದಲ್ಲೇ, 1997ರಲ್ಲಿ, ದಾವಣಗೆರೆ ಜಿಲ್ಲೆಯಾಯಿತು. ಸ್ವಂತದ ಜಯದೇವಪ್ಪ ‘ಜೆ’ಯೊಳಗೆ, ತಂದೆ ಹಾಲಪ್ಪ ‘ಎಚ್’ನೊಳಗೆ ಅಡಗಿ, ರದ್ದಾದ ಹುದ್ದೆಯೊಂದೇ ಪೂರ್ತಿ ಅಕ್ಷರಗಳಲ್ಲಿ ವಿಧಾನಸೌಧ ಹತ್ತಿತು. ಇನ್ನು 1224ರಲ್ಲಿ ಹರಿಹರೇಶ್ವರ ದೇವಾಲಯ ಕಟ್ಟಿಸಿದ ಹೊಯ್ಸಳರ ದಂಡನಾಯಕ ಪೊಲಾಳ್ವ ಇನಿಷಿಯಲ್ ಇಲ್ಲದೆಯೇ ಅಷ್ಟು ದೊಡ್ಡ ಕೆಲಸ ಮಾಡಿದ. ಗರ್ಭಗುಡಿಯ ದೇವರ ವಿಚಾರದಲ್ಲಿ ಹರಿ ಹೆಸರೋ, ಹರ ಅಡ್ಡಹೆಸರೋ ಎಂಬ ವಾದ ಈ ಪ್ರಬಂಧದ ವ್ಯಾಪ್ತಿಗೆ ಬರುವುದಿಲ್ಲ. ಪಾಸ್‌ಪೋರ್ಟ್ ಅರ್ಜಿ ತುಂಬುವ ದಿನ ದೇವರೇ ನೋಡಿಕೊಳ್ಳಲಿ.

ಹಾಗೆ ತುಂಬುವಾಗ ಒಂದೇ ಹೆಸರಿಟ್ಟುಕೊಂಡು ಅಮೆರಿಕಕ್ಕೆ ಹೊರಟವರ ಗತಿ ಹೊಸ ಶಾಖೆಯೊಂದನ್ನು ತೆರೆದಿದೆ. ಅಲ್ಲಿಯ ವೀಸಾದಲ್ಲಿ ಇದ್ದೊಂದು ಹೆಸರು ಅಡ್ಡಹೆಸರಿನ ಜಾಗಕ್ಕೆ ಹೋಗುತ್ತದೆ. ಹೆಸರಿನ ಜಾಗದಲ್ಲಿ, ಹೆಸರು ಗೊತ್ತಿಲ್ಲ ಎಂಬುದರ ಸಂಕ್ಷೇಪವಾಗಿ, ಎಫ್‌ಎನ್‌ಯು ಎಂದು ಬೀಳುತ್ತದೆ. ನಮ್ಮ ಕರಿಬಸಪ್ಪ ಅಲ್ಲಿ ಶ್ರೀಮಾನ್ ಫ್ನು ಕರಿಬಸಪ್ಪ. ಅವನ ಮೊಮ್ಮಗನಿಗೆ ಅಜ್ಜನ ಹೆಸರಿಡುವ ದಿನ ಯಾವುದನ್ನು ಇಡುತ್ತಾರೆಂಬ ಬಗ್ಗೆ ನಮ್ಮ ಮುಂದಿನ ಸಂಪುಟವಿದೆ. ಧನಸಹಾಯ ಮಂಜೂರಾಗುವುದೊಂದೇ ಬಾಕಿ.